ಮಾವನ ಕ್ಯಾಮೆರಾ, ಅತ್ತೆಯ ಹಗ್ಗ

ನಮ್ಮ ಸೋದರಮಾವ ಅರಸೀಕೆರೆ, ಬೇಲೂರು ಎರಡೂ ತಾಲ್ಲೂಕಿನಲ್ಲಿ ನೂರಾರು ಜನರ ಮೂಗಿಗೆ ಹಗ್ಗ ಹಿಡಿಸಿದ್ದಾರೆ. ನಗಬೇಡಿ, ನಿಜವಾಗಿ! ದನಕ್ಕೆ ಮೂಗುದಾರ ಹಾಕುವುದನ್ನು ನೀವು ನೋಡಿರುತ್ತೀರಿ. ಆದರೆ ಮದುವೆಯ ಗಂಡಿಗೆ, ಹೆಣ್ಣಿಗೆ, ಬೀಗರಿಗೆ, ಮಂತ್ರ ಹೇಳುತ್ತಿದ್ದ ಪುರೋಹಿತರಿಗೆ, ಒಂದು ಸಲ ಉಡುಗೊರೆ ಕೊಡಲು ಬಂದ ತಹಸೀಲ್ದಾರರಿಗೂ ಮೂಗಿನ ತುದಿಗೆ ತೆಂಗಿನ ನಾರಿನ ಹಗ್ಗ ಹಿಡಿಸಿದ ಧೀರರನ್ನು ಎಲ್ಲಾದರೂ ನೋಡಿದ್ದೀರಾ? ತಹಸೀಲ್ದಾರರು ಅಷ್ಟು ಹೊತ್ತು ಒಂದೇ ಕಡೆ ನಿಂತದ್ದನ್ನು ಅವರ ಗುಮಾಸ್ತರು ಅವತ್ತೇ ಮೊದಲು ನೋಡಿದರಂತೆ.

ಹುಚ್ಚೇ ಅಂತ ಕೇಳುತ್ತೀರಿ. ಹುಚ್ಚೇ. ಆದರೆ ಅದಕ್ಕೆ ಕಾರಣ ಒಂದು ಕ್ಯಾಮೆರಾ.

ಮಾವ ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತರಾಗಿದ್ದರು. ತೊಂಬತ್ತರ ದಶಕದ ಶುರುವಿನಲ್ಲಿ ಬೇಲೂರಿನ ಸ್ಟುಡಿಯೋದವರೊಬ್ಬರು ವಯಸ್ಸಾಯಿತೆಂದು ಅಂಗಡಿ ಮುಚ್ಚುವಾಗ, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಜಪಾನಿ ಕ್ಯಾಮೆರಾ ಒಂದನ್ನು ಮಾವನ ಕೈಗೆ ಹಾಕಿ ಕೈ ತೊಳೆದುಕೊಂಡರು. ರೇಂಜ್‌ಫೈಂಡರ್ ಅಂತ ಅದರ ಜಾತಿ. ನೋಡಲು ಇಷ್ಟೇ ಇಷ್ಟು, ಒಂದು ಒಬ್ಬಟ್ಟಿನ ಡಬ್ಬಿಯಷ್ಟೂ ಇಲ್ಲ. ಲೆನ್ಸು ನಡುವೆ, ಕಣ್ಣಿಟ್ಟು ನೋಡುವ ಕಿಟಕಿ ಮೇಲಿನ ಮೂಲೆಯಲ್ಲಿ. ಅಂದರೆ ನೀವು ನೋಡುವುದು ಒಂದು ತೂತಿನಿಂದ, ಕ್ಯಾಮೆರಾ ನೋಡುವುದು ಇನ್ನೊಂದರಿಂದ! ಆ ಕಿಟಕಿಯಲ್ಲಿ ಎದುರಿಗೆ ನಿಂತವರು ಎರಡೆರಡಾಗಿ ಕಾಣುತ್ತಾರೆ. ಲೆನ್ಸಿನ ರಿಂಗ್ ತಿರುಗಿಸುತ್ತಾ ಹೋದರೆ ಎರಡು ಬಿಂಬವೂ ಸರಿಯುತ್ತಾ ಬಂದು ಒಂದರ ಮೇಲೊಂದು ಕೂತು ಒಬ್ಬರೇ ಆಗುತ್ತಾರೆ. ಆಗ ಕ್ಲಿಕ್. ಚಿತ್ರ ಸ್ಪಷ್ಟ.

ಮದುವೆ ಮನೆಗಳಲ್ಲಿ ದೊಡ್ಡ ಕ್ಯಾಮೆರಾ ಹೊತ್ತು ಬರುವ ಸ್ಟುಡಿಯೋದವರನ್ನು ಮಾವ ಸುಮ್ಮನೆ ಬಿಡುತ್ತಿರಲಿಲ್ಲ. ಅನ್ನ ಸಾರಿನ ನಡುವೆಯೂ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಪಾಠ ಶುರು.

"ನೋಡ್ರೀ, ನಿಮ್ಮ ಕ್ಯಾಮೆರಾ ಒಳಗೆ ಒಂದು ಕನ್ನಡಿ ಇದೆ. ಬಟನ್ ಒತ್ತಿದ ಕೂಡಲೇ ಅದು ಟಪ್ ಅಂತ ಮೇಲೆದ್ದು ಅಡ್ಡ ಬರುತ್ತೆ. ಅಂದ್ರೆ ತಾಳಿ ಕಟ್ಟೋ ಆ ಕ್ಷಣಕ್ಕೇ ಸರಿಯಾಗಿ ನೀವು ಕುರುಡರು! ನಂದು ಹಾಗಲ್ಲ. ಕ್ಲಿಕ್ ಅಂದಾಗಲೂ ನಾನು ನೋಡ್ತಾನೇ ಇರ್ತೀನಿ. ಸದ್ದೂ ಇಲ್ಲ. ಇನ್ನೊಂದು ಗೊತ್ತಾ? ನನ್ನ ಕಿಟಕೀಲಿ ಫೋಟೋದಲ್ಲಿ ಎಷ್ಟು ಬರುತ್ತೆ ಅಂತ ಬೆಳ್ಳಗೆ ಗೆರೆ ಕಾಣುತ್ತೆ, ಗೆರೆ ಆಚೆ ಏನಿದೆ ಅನ್ನೋದೂ ಕಾಣುತ್ತೆ. ನಿಮಗೆ ಫೋಟೋ ಮಾತ್ರ ಕಾಣ್ತದೆ, ನನಗೆ ಮದುವೇನೇ ಕಾಣ್ತದೆ!"

"ಹಾಗಾದ್ರೆ ನಷ್ಟ ಏನೂ ಇಲ್ವಾ ಸಾರ್?" ಅಂತ ಒಬ್ಬರು ಪಾಪ ಕೇಳಿಬಿಟ್ಟರು.

"ಇದೆ. ಮೂರಡಿಗಿಂತ ಹತ್ತಿರ ಬಂದ್ರೆ ಇದು ಯಾರನ್ನೂ ಗುರುತಿಸಲ್ಲ. ಸ್ವಲ್ಪ ಜಂಬ."

ಇನ್ನೂ ಒಂದು ನಷ್ಟವಿತ್ತು, ಅದನ್ನು ಮಾವ ಹೇಳಲಿಲ್ಲ. ಅದನ್ನು ನಾನು ಹೇಳುತ್ತೇನೆ.

ಗೆಂಡೆಹಳ್ಳಿಯಲ್ಲಿ ಮಾವನ ಶಾಲೆಯ ಜವಾನರ ಮಗಳ ಮದುವೆ. "ಸ್ಟುಡಿಯೋದವರು ಯಾಕೆ, ನಾನಿಲ್ವಾ" ಎಂದು ಮಾವ ಎದೆ ತಟ್ಟಿಕೊಂಡು ಹೋದರು. ಧಾರೆ, ಮಾಂಗಲ್ಯ, ಸಪ್ತಪದಿ, ಊಟದ ಪಂಕ್ತಿ, ಎಲ್ಲಾ ಮೂವತ್ತಾರು ಫೋಟೋ. ರೋಲ್ ತೊಳೆಸಿ ನೋಡಿದರೆ ಮೂವತ್ತಾರೂ ಕಪ್ಪು! ಲೆನ್ಸಿನ ಮುಚ್ಚಳ ತೆಗೆಯುವುದನ್ನೇ ಮರೆತಿದ್ದರು. ನೋಡುವ ಕಿಟಕಿ ಬೇರೆ ಇದೆಯಲ್ಲ, ಮಾವನಿಗೆ ಮದುವೆ ಚೆನ್ನಾಗಿ ಕಂಡಿತ್ತು. ಹುಡುಗಿಯ ಅಪ್ಪ ಆ ಕರಿ ಕಾಗದಗಳನ್ನು ಒಂದೊಂದಾಗಿ ತಿರುವಿ ನೋಡಿದರು.

"ಏನ್ ಸ್ವಾಮಿ, ನಮ್ ಮದ್ವೆ ಅಮಾಸೆ ಕತ್ಲಲ್ಲಿ ಆಯ್ತಾ? ಒಂದ್ರಲ್ಲಾದ್ರೂ ನಮ್ ಮಗೀ ಮಕ ಐತಾ?"

"ನನಗೆ ಎಲ್ಲಾ ಕಾಣ್ತಿತ್ತಪ್ಪ," ಅಂದರು ಮಾವ. "ನಿನ್ನ ಮಗಳು ಲಕ್ಷಣವಾಗಿದ್ಲು. ಬೇಕಾದ್ರೆ ಒಂದೊಂದಾಗಿ ಹೇಳ್ತೀನಿ ಕೇಳು." ಹೇಳಿಯೇ ಬಿಟ್ಟರು ಮಹಾರಾಯರು! ಮೂವತ್ತಾರು ಫೋಟೋವನ್ನೂ ಬಾಯಲ್ಲಿ ವರ್ಣಿಸಿದರು. ಇವತ್ತಿಗೂ ಆ ಮನೆಯವರು ಆ ಕರಿ ಕಾಗದಗಳನ್ನು ಬಿಸಾಕಿಲ್ಲವಂತೆ. ಅವತ್ತಿನಿಂದ ಮುಚ್ಚಳ ಅತ್ತೆಯ ವಶಕ್ಕೆ ಹೋಯಿತು. ಅದು ಅವರ ಕುಂಕುಮದ ಭರಣಿಗೆ ಅಳತೆ ತೆಗೆದ ಹಾಗೆ ಕೂತುಬಿಟ್ಟಿತು.

ಅತ್ತೆ ಅಂದರೆ ಮಾವನ ಹೆಂಡತಿ. ಸಣ್ಣ ಆಳು, ಬಾಯಿ ತುಂಬಾ ನಗು. ಅವರ ಕೈಯ ಹುಳಿ ತಿಂದವರು ಬೇರೆ ಹುಳಿಯನ್ನು ಹುಳಿ ಅನ್ನುತ್ತಿರಲಿಲ್ಲ. ಹಳೇಬೀಡಿಗೆ ಬಾ ಅಂದರೆ ಬುತ್ತಿ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಬಸ್‌ಸ್ಟ್ಯಾಂಡಿನಲ್ಲಿ ಇರುತ್ತಿದ್ದರು. ಆದರೆ ಅವರಿಗೊಂದು ವಿಚಿತ್ರ ತಲೆನೋವಿತ್ತು. ಅದು ಕ್ಯಾಲೆಂಡರ್ ನೋಡಿಕೊಂಡು ಬರುತ್ತಿತ್ತು! ಯಾರದಾದರೂ ಸೀಮಂತ ಅನ್ನಿ, ತಲೆನೋವು. ನಾಮಕರಣ ಅನ್ನಿ, ತಲೆನೋವು. ಮದುವೆ ಅಂದರೆ ಹಿಂದಿನ ದಿನದಿಂದಲೇ. ಕಾರ್ಯ ಮುಗಿಸಿ ನಾವು ಮನೆಗೆ ಬರುವ ಹೊತ್ತಿಗೆ ತಲೆನೋವು ಹೋಗಿ ಬಿಸಿಬಿಸಿ ಕಾಫಿ ಸಿದ್ಧವಾಗಿರುತ್ತಿತ್ತು. ನನಗಾಗ ಹನ್ನೆರಡು ವರ್ಷ. ಅವರಿಗೆ ಮಕ್ಕಳಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಅದಕ್ಕೂ ತಲೆನೋವಿಗೂ ಸಂಬಂಧ ಇರಬಹುದೆಂದು ಹೊಳೆಯುವ ವಯಸ್ಸಲ್ಲ. ಮಾವ ಮಾತ್ರ ಪ್ರತಿ ಸಲವೂ "ಬಾರೇ, ಬಾರೇ" ಅಂತ ಗೋಗರೆದು, ಕೊನೆಗೆ ಒಬ್ಬರೇ ಕ್ಯಾಮೆರಾ ನೇತು ಹಾಕಿಕೊಂಡು ಸಪ್ಪೆ ಮುಖದಲ್ಲಿ ಹೊರಡುತ್ತಿದ್ದರು.

ಹೀಗಿರುವಾಗ ಹಳೇಬೀಡಿನಲ್ಲಿ ಆ ಮಹಾಪತನ ನಡೆಯಿತು.

ಮೊದಲು ಮಾವ ಗೋಡೆಯ ನರ್ತಕಿಯೊಬ್ಬಳನ್ನು ಹತ್ತಿರದಿಂದ ಹಿಡಿದಿದ್ದರು. ಕಿಟಕಿ ಮೇಲಿದೆ, ಲೆನ್ಸು ಕೆಳಗಿದೆ, ಹತ್ತಿರ ಹೋದಷ್ಟೂ ಎರಡರ ನೋಟ ಬೇರೆಯಾಗುತ್ತದೆ. ಶತಮಾನಗಳಿಂದ ಬಿಸಿಲು ಮಳೆ ತಡೆದುಕೊಂಡು ನಿಂತಿದ್ದ ಆ ಚೆಲುವೆಯ ತಲೆಯನ್ನು ಮಾವ ಒಂದೇ ಕ್ಲಿಕ್ಕಿಗೆ ಹಾರಿಸಿದರು. ಅದು ಆಮೇಲೆ ಗೊತ್ತಾದದ್ದು, ಬಿಡಿ. ಅದಾದ ಮೇಲೆ ನಮ್ಮೆಲ್ಲರನ್ನೂ ಗುಡಿಯ ಮುಂದೆ ಸಾಲಾಗಿ ನಿಲ್ಲಿಸಿ, ಗುಡಿಯೂ ಬರಬೇಕು ನಾವೂ ಬರಬೇಕು ಅಂತ ಕಿಟಕಿಗೆ ಕಣ್ಣಿಟ್ಟುಕೊಂಡು ಗುಡಿಯ ಸುತ್ತಲಿನ ಎತ್ತರದ ಜಗತಿಕಟ್ಟೆಯ ಮೇಲೆ ಹಿಂದೆ ಹಿಂದೆ ನಡೆದರು.

"ಇನ್ನೊಂದು ಸ್ವಲ್ಪ... ಗೋಪುರ ಇಲ್ಲ, ಸರಿ... ಎಲ್ಲರೂ ನಗಿ... ಇನ್ನೊಂದೇ ಹೆಜ್ಜೆ..."

ನಾವು ನಕ್ಕೆವು. ಮಾವ ಕಾಣೆಯಾದರು!

ಓಡಿಹೋಗಿ ನೋಡಿದರೆ ಕೆಳಗೆ ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದಾರೆ. ಮೈಗೆ ಏನೂ ಆಗಿರಲಿಲ್ಲ. ಕ್ಯಾಮೆರಾ ಮಾತ್ರ ಮೆಟ್ಟಿಲ ಮೇಲೆ ಎರಡು ಸಲ ಪುಟಿದು ಅವರ ಪಕ್ಕದಲ್ಲೇ ಮಲಗಿತ್ತು. ಮಾವ ಎದ್ದು, ಧೂಳನ್ನೂ ಕೊಡವದೆ, ಕಿಟಕಿಗೆ ಕಣ್ಣಿಟ್ಟು ಅತ್ತೆಯನ್ನು ನೋಡಿದರು.

"ಅಯ್ಯೋ! ನೀನು ಇಬ್ಬರು ಕಾಣ್ತಿದ್ದೀಯ ಕಣೇ!"

"ತಲೆಗೆ ಪೆಟ್ಟಾಯ್ತೇನ್ರೀ?" ಅತ್ತೆ ಗಾಬರಿಯಾದರು.

"ನನ್ನ ತಲೆಗಲ್ಲ, ಇದರ ತಲೆಗೆ! ಎಷ್ಟು ತಿರುಗಿಸಿದ್ರೂ ಎರಡೂ ಸೇರ್ತಾನೇ ಇಲ್ಲ!"

ಮಾವ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೇ ದಿನ ತೆಂಗಿನಕಾಯಿ ಮೂಟೆ ಕಟ್ಟುವ ತೆಳ್ಳನೆಯ ನಾರಿನ ಹಗ್ಗ ಒಂದನ್ನು ತಂದು, ಪಡಸಾಲೆಯಲ್ಲಿ ಕೂತು, ಸ್ಕೂಲಿನ ಅಡಿಪಟ್ಟಿ ಇಟ್ಟುಕೊಂಡು ಅಡಿಗೊಂದು ಗಂಟು ಹಾಕತೊಡಗಿದರು. ಒಟ್ಟು ಹದಿನೈದು ಗಂಟು. ಐದನೆಯದಕ್ಕೂ ಹತ್ತನೆಯದಕ್ಕೂ ಕೆಂಪು ದಾರ. ಹಗ್ಗದ ಒಂದು ತುದಿ ಕ್ಯಾಮೆರಾದ ಕಿವಿಗೆ ಕಟ್ಟಿರಬೇಕು. ಇನ್ನೊಂದು ಕಡೆಯಿಂದ ಒಬ್ಬರು ಹಗ್ಗ ಎಳೆದು ಫೋಟೋ ತೆಗೆಸಿಕೊಳ್ಳುವವರ ಮೂಗಿಗೆ ಮುಟ್ಟಿಸಿ ಎಷ್ಟನೇ ಗಂಟು ಅಂತ ಕೂಗಬೇಕು. ಮಾವ ಲೆನ್ಸಿನ ರಿಂಗನ್ನು ಅಷ್ಟು ಅಡಿಗೆ ತಿರುಗಿಸಬೇಕು. ಬಿಂಬ ಸೇರಿದರೆಷ್ಟು, ಬಿಟ್ಟರೆಷ್ಟು!

ಆದರೆ ಹಗ್ಗ ಹಿಡಿಯುವವರು ಯಾರು? ನಾನು ಹಿಡಿಯುತ್ತೇನೆ ಅಂದೆ. "ನಿನಗೆ ಲೆಕ್ಕ ಬರಲ್ಲ" ಅಂದರು. ನಾನು ಹಿಡಿಯಲೇ ಅಂತ ನಮ್ಮಮ್ಮ ಕೇಳಿದರು. "ಅಕ್ಕ, ನಿನಗೆ ಸಹನೆ ಇಲ್ಲ." ಸುತ್ತಿ ಸುತ್ತಿ ಅತ್ತೆಯ ಹತ್ತಿರವೇ ಬಂದರು.

ಅದೇ ವಾರ ನಮ್ಮ ಬೀದಿಯಲ್ಲೇ ಒಂದು ನಾಮಕರಣ. ಅತ್ತೆಗೆ ಬೆಳಿಗ್ಗೆಯೇ ತಲೆನೋವು ಬಂತು. ಮಾವ ಅವರ ಮುಂದೆ ಹಗ್ಗ ಹಿಡಿದು ನಿಂತರು.

"ನೋಡು, ನೀನು ಬರದಿದ್ರೆ ಮಗು ಮಸುಕಾಗಿ ಬರುತ್ತೆ. ನಾಳೆ ದೊಡ್ಡದಾದ ಮೇಲೆ ಫೋಟೋ ನೋಡಿ, ನನ್ನ ಮೂಗೆಲ್ಲಿ ಅಂತ ಕೇಳಿದ್ರೆ ಯಾರು ಜವಾಬ್ದಾರಿ? ನಾನಂತೂ ನಿನ್ನ ಹೆಸರೇ ಹೇಳೋನು."

ಅತ್ತೆ ಹಗ್ಗವನ್ನೊಮ್ಮೆ ಬೆರಳಲ್ಲಿ ಸವರಿ ನೋಡಿದರು. ಆಮೇಲೆ ಎದ್ದು ಸೀರೆ ಬದಲಾಯಿಸಿದರು. ಅವತ್ತು ಆ ಮಗುವಿನ ಗೋಧಿಕಾಳಿನಷ್ಟು ಮೂಗಿಗೆ ಹಗ್ಗ ಮುಟ್ಟಿಸಿ, "ನಾಲ್ಕು ಗಂಟು, ಎರಡು ಬೆರಳು!" ಅಂತ ಅತ್ತೆ ಕೂಗಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತು. "ನಾಲ್ಕು, ಎರಡು!" ಅಂತ ಮಾವ ಅರ್ಚಕರ ಗಾಂಭೀರ್ಯದಲ್ಲಿ ಮರುನುಡಿದರು. ಅತ್ತೆ ಪಕ್ಕಕ್ಕೆ ಸರಿದರು. ಕ್ಲಿಕ್.

ಅಲ್ಲಿಂದ ಶುರುವಾಯಿತು ನೋಡಿ ದಿಗ್ವಿಜಯ! ಮೊದಮೊದಲು ಜನ ಬೆಚ್ಚಿದರು. ಆಮೇಲೆ ಅಭ್ಯಾಸವಾಯಿತು. ಕೊನೆಕೊನೆಗೆ ಹಗ್ಗ ಹಿಡಿಸಿಕೊಳ್ಳದ ಫೋಟೋ ಫೋಟೋನೇ ಅಲ್ಲ ಅನ್ನುವಂತಾಯಿತು. ಕಾರ್ಯದ ಮನೆಯವರು ಮಾವನಿಗೆ ಹೇಳುವ ಮೊದಲೇ ಅತ್ತೆಗೆ ಹೇಳಿ ಹೋಗುತ್ತಿದ್ದರು, "ನೀವು ಹಗ್ಗ ತರೋದು ಮರೀಬೇಡಿ, ಮತ್ತೆ!" ಅತ್ತೆಯ ತಲೆನೋವು ಹೇಳದೆ ಕೇಳದೆ ಊರು ಬಿಟ್ಟಿತು.

ಅನಾಹುತಗಳೇನು ಕಡಿಮೆಯೇ? ಒಂದು ಮದುವೆಯಲ್ಲಿ ಮುಹೂರ್ತಕ್ಕೆ ಐದೇ ನಿಮಿಷ. ಅತ್ತೆ ಗಂಡಿನ ಮೂಗಿಗೆ ಹಗ್ಗ ಮುಟ್ಟಿಸಿದರು. ನಾರು ತಾನೇ, ಒಂದು ಎಳೆ ಮೂಗಿನೊಳಗೆ ಇಣುಕಿತು. "ಆಕ್ಷೀ!" ಬಾಸಿಂಗ ಓರೆಯಾಯಿತು, ಮಂಟಪ ಸ್ತಬ್ಧವಾಯಿತು. ಒಂಟಿ ಸೀನು! ಅಪಶಕುನ!

"ಇನ್ನೊಂದು ಸೀನಪ್ಪಾ!" ಅಂದರು ಗಂಡಿನ ಅಜ್ಜಿ.

"ಬರ್ತಾ ಇಲ್ಲಜ್ಜಿ..."

"ಪ್ರಯತ್ನ ಮಾಡೋ! ಗಳಿಗೆ ಮೀರ್ತಾ ಇದೆ!"

ಮಾವ ಪುರೋಹಿತರನ್ನು ನೋಡಿದರು, ಪುರೋಹಿತರು ಗಡಿಯಾರ ನೋಡಿದರು, ಎಲ್ಲರೂ ಸೇರಿ ಅತ್ತೆಯನ್ನು ನೋಡಿದರು. ಅತ್ತೆ ಹಗ್ಗದ ತುದಿಯನ್ನು ಮತ್ತೆ ಆ ಮೂಗಿಗೆ ಒಯ್ದು, ಹಿತವಾಗಿ ಒಂದು ಸುತ್ತು ತಿರುಗಿಸಿದರು. "ಆಕ್ಷೀ!" ಗಟ್ಟಿಮೇಳ, ಗಟ್ಟಿಮೇಳ! ಆ ದಂಪತಿ ಸುಖವಾಗಿದ್ದಾರೆ. ಮನೆಗೆ ಬಂದ ಮೇಲೆ ಅತ್ತೆ ತಮ್ಮ ಧಾರೆ ಸೀರೆಯ ಅಂಚಿನಿಂದ ಒಂದು ಚೂರು ಕತ್ತರಿಸಿ, ಹಗ್ಗಕ್ಕೆ ಬೇಕಾದ ಗಂಟಿಗೆ ಸರಿಸಬಹುದಾದ ರೇಷ್ಮೆಯ ಟೋಪಿ ಹೊಲಿದರು.

ಬಸ್ತಿಹಳ್ಳಿಯ ಬಸದಿಯಲ್ಲಿ ನನ್ನನ್ನೂ ಹಿಡಿದರು. ಅಲ್ಲಿಯ ಕಂಬಗಳು ಮುಖ ಕಾಣುವಷ್ಟು ನುಣುಪು, ಒಳಗೆ ಬೆಳಕು ಕಡಿಮೆ. ಕೆಂಪು ರಿಬ್ಬನ್ ಕಟ್ಟಿಕೊಂಡು ಕಂಬಕ್ಕೆ ಒರಗಿ ನಿಂತಿದ್ದೆ. ಮಾವ ಎಷ್ಟು ಹತ್ತಿರ ನಿಂತಿದ್ದರೆಂದರೆ ಅವರ ನಶ್ಯದ ಘಾಟು ನನಗೆ ಬಡಿಯುತ್ತಿತ್ತು. ಅತ್ತೆ ನನ್ನ ಮೂಗಿಗೆ ರೇಷ್ಮೆ ಮುಟ್ಟಿಸಿ, ಯಾಕೋ ಒಂದು ಗಳಿಗೆ ತಡೆದು, "ಹನ್ನೆರಡು ಗಂಟು!" ಅಂದರು. "ಹನ್ನೆರಡು!" ಅಂದರು ಮಾವ. ಆ ಫೋಟೋ ಬಂದ ಚಂದಕ್ಕೆ ಮಾತಿಲ್ಲ. ರಿಬ್ಬನ್ನಿನ ದಾರ ಎಣಿಸಬಹುದು. ಅದನ್ನು ಕಟ್ಟು ಹಾಕಿಸಿ ಅವರ ಮನೆಯ ಪಡಸಾಲೆಯಲ್ಲಿ ತೂಗುಹಾಕಿದರು.

ಹೀಗೆಯೇ ವರ್ಷಗಳು ಕಳೆದವು. ನಾನು ಓದಿ, ಹಾಸನದಲ್ಲಿ ಕೆಲಸಕ್ಕೆ ಸೇರಿ, ಕಣಕಟ್ಟೆಯವರನ್ನು ಮದುವೆಯಾದೆ. ನನ್ನ ಮೂಗಿಗೂ, ನನ್ನ ಗಂಡನ ಮೂಗಿಗೂ ಹಗ್ಗ ಹಿಡಿದದ್ದಾಯಿತು, ಅದನ್ನು ಬೇರೆ ಹೇಳಬೇಕೆ! ಅಷ್ಟರಲ್ಲಿ ರೋಲ್ ಸಿಗುವುದು ಕಷ್ಟವಾಯಿತು, ತೊಳೆಯುವವರು ಅಂಗಡಿ ಮುಚ್ಚಿದರು. ಎರಡು ಸಾವಿರದ ಆ ದಶಕ ಮುಗಿಯುವ ಹೊತ್ತಿಗೆ ನಿವೃತ್ತ ಮಾವ ಖಾಲಿ ಕ್ಯಾಮೆರಾ ಒರೆಸುತ್ತಾ ಕೂರುತ್ತಿದ್ದರು. ನಾನು ಬಾಣಂತನಕ್ಕೆ ಅರಸೀಕೆರೆಗೆ ಬಂದಾಗ ಅದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಗಂಡನಿಗೆ ದುಂಬಾಲು ಬಿದ್ದು ಒಂದು ಹೊಸ ಕ್ಯಾಮೆರಾ ತರಿಸಿದೆ. ಡಿಜಿಟಲ್. ಆಗಷ್ಟೇ ಬಂದಿದ್ದ ಕನ್ನಡಿ ಇಲ್ಲದ ಜಾತಿ, ನೋಡಲು ಥೇಟ್ ಮಾವನ ಹಳೆಯದರ ತಮ್ಮ! ನನ್ನ ಮಗಳ ನಾಮಕರಣಕ್ಕೆ ಮಾವನೇ ಫೋಟೋ ತೆಗೆಯಬೇಕು ಅನ್ನುವುದು ನನ್ನ ಆಸೆ.

"ಕನ್ನಡಿ ಇಲ್ವಂತಾ?" ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಬೇಲೂರಿನ ಕಲ್ಲಿನ ಸುಂದರಿ ಕೈಲೂ ಒಂದು ಕನ್ನಡಿ ಇದೆಯಲ್ಲೇ, ಇಷ್ಟು ಹೊಸಾ ಕ್ಯಾಮೆರಾಕ್ಕೆ ಇಲ್ವಾ!"

ಮಾವ ಮಾತ್ರ ಮಗುವಾಗಿಬಿಟ್ಟರು. ಮಾರನೆಯ ದಿನವೇ ಬಸ್ ಹತ್ತಿ ಹಳೇಬೀಡಿಗೆ ಓಡಿ, ಸಂಜೆ ನನ್ನ ಮುಂದೆ ಕೂತು ವರದಿ ಒಪ್ಪಿಸಿದರು.

"ಇದು ತಾನೇ ಮುಖ ಹುಡುಕಿ ಚೌಕ ಹಾಕುತ್ತೆ ಕಣೇ! ಗುಡಿ ಗೋಡೆ ಎದುರು ಹಿಡಿದೆ, ಕಲ್ಲಿನ ಹೆಂಗಸರಿಗೆಲ್ಲ ಟಕ ಟಕ ಅಂತ ಏಳೆಂಟು ಚೌಕ ಹಾಕ್ತು. ಪಕ್ಕದಲ್ಲಿ ನಿಂತಿದ್ದ ಕಾವಲುಗಾರನಿಗೆ ಮಾತ್ರ ಹಾಕಲಿಲ್ಲ. ಪಾಪ, ಅವನು ಇಣುಕಿ ನೋಡಿ, 'ಯಾಕ್ ಸಾರ್, ನಾನೇನ್ ಮನ್ಸ ಅಲ್ವಾ?' ಅಂದ. ಮೀಸೆ ಒರೆಸಿಕೊಂಡು ನಿಲ್ಲಪ್ಪ ಅಂದೆ, ಆಗಲೂ ಇಲ್ಲ!"

"ಮತ್ತೆ ಲಾಭ ನಷ್ಟ?" ನಾನು ಕೆಣಕಿದೆ.

"ಲಾಭ ಬೇಕಾದಷ್ಟಿದೆ. ತಲೆ ಹಾರಲ್ಲ. ಮುಚ್ಚಳ ಮರೆತ್ರೆ ಪರದೇನೇ ಕಪ್ಪಾಗಿ ಬೈಯುತ್ತೆ. ಕೈ ನಡುಗಿದ್ರೂ ಮಸುಕಾಗದ ಹಾಗೆ ಒಳಗೆ ಏನೋ ಮಾಡಿದ್ದಾರೆ. ಫೋಕಸ್ಸೂ ಅದೇ ಮಾಡಿಕೊಳ್ಳುತ್ತೆ, ಕಣ್ಣು ಮಿಟುಕಿಸೋದ್ರಲ್ಲಿ!"

"ಹಾಗಾದ್ರೆ ಹಗ್ಗಕ್ಕೆ ನಿವೃತ್ತಿ!" ಅಂದೆ ನಾನು, ನನ್ನ ಬುದ್ಧಿವಂತಿಕೆಗೆ ನಾನೇ ಚಪ್ಪಾಳೆ ತಟ್ಟಿಕೊಂಡು. ಎಂಥಾ ಪೆದ್ದಿ ನಾನು! ಮಾವನ ನಗು ಅಲ್ಲಿಗೇ ನಿಂತಿತು. ಒಳಗೆ ಅಡುಗೆಮನೆಯಲ್ಲಿ ಪಾತ್ರೆ ಸದ್ದೂ ನಿಂತಿತು. ನಾನು ಎರಡನ್ನೂ ಗಮನಿಸಲಿಲ್ಲ.

ನಾಮಕರಣದ ದಿನ ಬೆಳಿಗ್ಗೆ ಕಣಕಟ್ಟೆಗೆ ಹೊರಡಲು ವ್ಯಾನು ಬಂದು ನಿಂತಿದೆ. ಅತ್ತೆಯನ್ನು ಕರೆಯಲು ಹೋದರೆ ಅವರು ಹಳೇ ಸೀರೆಯಲ್ಲೇ ಇದ್ದರು, ಹಣೆಗೆ ಬಟ್ಟೆ ಕಟ್ಟಿಕೊಂಡಿದ್ದರು.

"ತಲೆನೋವು ಕಣೇ ಪುಟ್ಟಿ. ನೀವು ಹೋಗ್ಬನ್ನಿ. ಮಾವ ಫೋಟೋ ತೆಗೀತಾರಲ್ಲ."

ಹದಿನೈದು ವರ್ಷಕ್ಕೂ ಮೇಲೆ ಊರು ಬಿಟ್ಟಿದ್ದ ತಲೆನೋವು! ನನ್ನ ಮಗಳ ದಿನವೇ ಬರಬೇಕೇ! ಸಿಟ್ಟು ಬಂತು, ಅಳುವೂ ಬಂತು. ಪಡಸಾಲೆಗೆ ಬಂದು ಧೊಪ್ಪನೆ ಕೂತೆ. ಗೂಟದಲ್ಲಿ ಹಗ್ಗ ಸುತ್ತಿ ನೇತು ಹಾಕಿತ್ತು. ಅದರ ಕೆಳಗೆ ಮೇಜಿನ ಮೇಲೆ ಹಳೆಯ ಕ್ಯಾಮೆರಾ. ಏನೂ ತೋಚದೆ ಅದನ್ನೆತ್ತಿ ಕಿಟಕಿಗೆ ಕಣ್ಣಿಟ್ಟೆ. ಗೋಡೆಯ ಮೇಲಿನ ನನ್ನದೇ ಬಸ್ತಿಹಳ್ಳಿ ಫೋಟೋ ಎರಡಾಗಿ ಕಾಣಿಸಿತು. ಸುಮ್ಮನೆ ರಿಂಗ್ ತಿರುಗಿಸಿದೆ. ಎರಡು ರಿಬ್ಬನ್ನೂ ಸರಿಯುತ್ತಾ ಬಂದವು, ಬಂದವು, ಬಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಒಂದಾದವು!

ಕ್ಯಾಮೆರಾ ಹಿಡಿದುಕೊಂಡೇ ಜಗಲಿಗೆ ಓಡಿದೆ. ಮಾವ ಒಬ್ಬರೇ ಕೂತಿದ್ದರು.

"ಮಾವ, ಇದು ಸರಿಯಾಗೇ ಇದೆ!"

ಮಾವ ನಶ್ಯದ ಡಬ್ಬಿ ತೆಗೆದರು, ಮುಚ್ಚಿದರು. "ಮೆಲ್ಲಗೆ ಮಾತಾಡೇ."

"ಯಾವಾಗಿಂದ?"

"ಬಿದ್ದ ಮೂರನೇ ತಿಂಗಳಿಂದ. ಹಾಸನದಲ್ಲಿ ಒಬ್ಬರು ರಿಪೇರಿ ಮಾಡಿಕೊಟ್ರು. ಅರ್ಧ ಗಂಟೆ ಕೆಲಸ."

"ಮತ್ತೆ ಇಷ್ಟು ವರ್ಷ ಆ ಹಗ್ಗ?"

ಮಾವ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

"ನೀನಾಗ ಚಿಕ್ಕೋಳು. ಒಂದು ನಾಮಕರಣದಲ್ಲಿ ಮಗೂನ ತೊಟ್ಟಿಲಿಗೆ ಹಾಕೋಕೆ ಇವಳು ಕೈ ಚಾಚಿದ್ಲು. ಯಾರೋ ದೊಡ್ಡವರು, 'ನೀನು ಬೇಡಮ್ಮ, ಮಕ್ಕಳೊಂದಿಗರು ಯಾರಾದ್ರೂ ಬರ್ಲಿ' ಅಂದ್ರು. ಅಷ್ಟೇ. ಇವಳು ಚಾಚಿದ ಕೈ ಹಿಂದಕ್ಕೆ ತಗೊಂಡ್ಲು. ಮನೆಗೆ ಬಂದು ಹಣೆಗೆ ಬಟ್ಟೆ ಕಟ್ಟಿಕೊಂಡ್ಲು. ಬಾ ಅಂತ ಎಷ್ಟು ಕರೆದ್ರೂ ಬರ್ತಿರಲಿಲ್ಲ ಕಣೇ. ಕೆಲಸ ಇದೆ, ನೀನಿಲ್ದೆ ಆಗಲ್ಲ ಅಂದೆ, ಬಂದ್ಲು. ಆಮೇಲೆ ಯಾವ ಮಗೂನ ಮೂಗು ಮುಟ್ಟಬೇಡ ಅಂತ ಯಾರು ಹೇಳ್ತಾರೆ? ಹೇಳಿದ್ರೆ ಫೋಟೋನೇ ಇಲ್ಲ!"

ನಾನು ಹಳೆಯ ಕ್ಯಾಮೆರಾವನ್ನು ಮೆಲ್ಲಗೆ ಕೆಳಗಿಟ್ಟು ಅವರ ಪಕ್ಕ ಕೂತೆ.

"ಹಗ್ಗ ಮುಟ್ಟಿಸಿ ಪಕ್ಕಕ್ಕೆ ನಿಲ್ತಿದ್ಲಲ್ಲ, ಕಿಟಕೀಲಿ ಗೆರೆ ಆಚೆ ಕಾಣ್ತಿದ್ಲು. ಮಗೂನ ನೋಡ್ಕೊಂಡು ನಗ್ತಿದ್ಲು. ಫೋಟೋದಲ್ಲಿ ಬರ್ತಿರಲಿಲ್ಲ, ನನಗೆ ಮಾತ್ರ ಕಾಣ್ತಿತ್ತು." ಮಾವ ಹೊಸ ಕ್ಯಾಮೆರಾವನ್ನು ತೊಡೆಯ ಮೇಲೆ ತಿರುಗಿಸಿದರು. "ಇದರ ಪರದೇಲಿ ಅದೊಂದು ಇಲ್ಲ. ಈ ಆಟೋ ಫೋಕಸ್ ಆಫ್ ಮಾಡೋದು ಹೇಗೇ?"

"ಆಫ್ ಮಾಡೋದೇನೂ ಬೇಡ ಮಾವ," ಅಂದೆ, ಮೂಗು ಒರೆಸಿಕೊಂಡು. "ಸುಳ್ಳು ಸುಳ್ಳೇ ರಿಂಗ್ ತಿರುಗಿಸಿ. ನಿಮಗೆ ಅಭ್ಯಾಸ ಇದೆಯಲ್ಲ!"

ಇಬ್ಬರೂ ಒಳಗೆ ಹೋದೆವು. ಮಾವ ಗೂಟದಿಂದ ಹಗ್ಗ ತೆಗೆದು ಅತ್ತೆಯ ಮುಂದೆ ನಿಂತರು.

"ಮೋಸ ಹೋದ್ವಿ ಕಣೇ! ಕಲ್ಲಿನ ಮುಖ ಆದ್ರೆ ಇದಕ್ಕೆ ಸಲೀಸು, ಎಳೇ ಮಗು ಮುಖ ಸಿಕ್ತಾನೇ ಇಲ್ಲ. ಹೊಸದಕ್ಕೂ ಹಗ್ಗ ಬೇಕಂತೆ."

ಅತ್ತೆ ಮಾವನನ್ನು ನೋಡಿದರು. ಕೆಂಪಾಗಿದ್ದ ನನ್ನ ಕಣ್ಣು ನೋಡಿದರು. ಹಣೆಯ ಬಟ್ಟೆ ಬಿಚ್ಚಿದರು. "ಹತ್ತು ನಿಮಿಷ ವ್ಯಾನ್ ನಿಲ್ಲಿಸಿ," ಅಂದರು.

ಕಣಕಟ್ಟೆಯ ಮನೆಯಲ್ಲಿ ತೊಟ್ಟಿಲು ಸಿಂಗರಿಸುತ್ತಿದ್ದಾಗ ನಾನು ಮಗುವಿಗೆ ಬಟ್ಟೆ ತೊಡಿಸಲು ಹಿತ್ತಲ ಕೋಣೆಗೆ ಹೋದೆ. ಅತ್ತೆ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದರು.

"ಏನಂದ್ರು ನಿಮ್ಮ ಮಾವ? ಎಲ್ಲಾ ಹೇಳಿದ್ರಾ?"

"ಏನು ಎಲ್ಲಾ?" ಅಂತ ಪೆಚ್ಚುಪೆಚ್ಚಾಗಿ ನಟಿಸಿದೆ.

"ನಾನು ಹಗ್ಗ ಎಳೆಯೋ ಮೊದ್ಲೇ ಅವರು ರಿಂಗ್ ತಿರುಗಿಸಿ ಮುಗಿಸಿರೋರು ಕಣೇ. ಒಂದು ಸಲ ನೋಡಿದೆ, ಎರಡು ಸಲ ನೋಡಿದೆ. ಬಸ್ತಿಹಳ್ಳೀಲಿ ಪರೀಕ್ಷೆ ಮಾಡೋಣ ಅಂತ ನಿನ್ನ ಮೂಗಿಗೆ ಹಿಡಿದೆ. ಇದ್ದದ್ದು ಆರು ಗಂಟು, ನಾನು ಹನ್ನೆರಡು ಅಂದೆ. ಫೋಟೋ ನೋಡಿದೀಯಲ್ಲ, ಹೇಗೆ ಬಂದಿದೆ!" ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡರು. "ಅವರಿಗೆ ಹೇಳ್ಬೇಡ ಮತ್ತೆ. ಪಾಪ, ಎಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಾರೆ."

ಹೇಳುವುದಿಲ್ಲ ಅಂತ ಮಾತು ಕೊಟ್ಟೆ.

ಹೊರಗೆ ಬಂದಾಗ ತೊಟ್ಟಿಲ ಸುತ್ತ ಹೆಂಗಸರು ನೆರೆದಿದ್ದರು. "ಮಗೀನ ಯಾರ್ ಹಾಕ್ತೀರವ್ವ ತೊಟ್ಲಿಗೆ?" ಅಂತ ಯಾರೋ ಕೇಳಿದರು. ನಾನು ಬೇರೆ ಯಾರ ಮುಖವನ್ನೂ ನೋಡಲಿಲ್ಲ. ಮಗಳನ್ನು ಅತ್ತೆಯ ಎರಡೂ ಕೈ ತುಂಬಾ ಇಟ್ಟುಬಿಟ್ಟೆ.

"ಅಯ್ಯೋ, ಹಗ್ಗ ಯಾರೇ ಹಿಡಿಯೋದು?" ಅಂದರು ಅತ್ತೆ.

"ನಾನು ಹಿಡೀತೀನಿ. ಈಗ ಲೆಕ್ಕ ಬರುತ್ತೆ."

ಅತ್ತೆಯ ಸೊಂಟದಿಂದ ಹಗ್ಗ ತೆಗೆದುಕೊಂಡು, ಒಂದು ತುದಿಯನ್ನು ಹೊಸ ಕ್ಯಾಮೆರಾದ ಕಿವಿಗೆ ಕಟ್ಟಿ ಎಳೆದೆ. ಎಲ್ಲರ ಮೂಗನ್ನೂ ಮುಟ್ಟಿದ್ದ ಆ ರೇಷ್ಮೆ ಟೋಪಿಯ ಹಗ್ಗವನ್ನು ಮೊದಲ ಸಲ ಅತ್ತೆಯ ಮೂಗಿಗೇ ಹಿಡಿದೆ. ಮಾವ ಕ್ಯಾಮೆರಾ ಎತ್ತಿದರು.

"ಎಷ್ಟು ಗಂಟು ಕಣೇ?"

ಆರನೆಯ ಗಂಟು ಅತ್ತೆಯ ಮೂಗಿನ ಮೇಲಿತ್ತು. ಮಾತು ಕೊಟ್ಟಿದ್ದೇನೆ, ಹೇಳುವ ಹಾಗಿಲ್ಲ. ನಾನು ಹೇಳಲಿಲ್ಲ. ಇಡೀ ಕಣಕಟ್ಟೆಗೆ ಕೇಳುವ ಹಾಗೆ ಕೂಗಿದೆ, ಅಷ್ಟೇ.

"ಹನ್ನೆರಡು!"

"ಹನ್ನೆರಡು!" ಅಂತ ಮಾವ ಗಂಭೀರವಾಗಿ ರಿಂಗ್ ತಿರುಗಿಸಿ, ಹಾಗೇ ತಡೆದರು. ಆ ಪಡಸಾಲೆಯ ಗೋಡೆಯಿಂದ ಗೋಡೆಗೇ ಹನ್ನೆರಡು ಅಡಿ ಇರಲಿಲ್ಲ! ಪರದೆಯಿಂದ ತಲೆಯೆತ್ತಿ ನನ್ನನ್ನು ನೋಡಿದರು. ಅತ್ತೆಯನ್ನು ನೋಡಿದರು. ಅತ್ತೆ ಮಗುವನ್ನು ಅವುಚಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು.

"ಗೊತ್ತಿತ್ತೇನೇ ನಿನಗೆ?" ಅಂತ ಅತ್ತೆಯನ್ನು ಕೇಳಿದರು.

"ಬಸ್ತಿಹಳ್ಳಿಯಿಂದ ಗೊತ್ತು."

"ಗೊತ್ತಿದ್ದೂ ಇಷ್ಟು ವರ್ಷ ಹಗ್ಗ ಹಿಡಿದೆಯಾ?"

"ನೀವು ಕರೀತಿದ್ರಲ್ಲ ರೀ," ಅಂದರು ಅತ್ತೆ.

ಮಾವ ಬಟನ್ ಒತ್ತಿದರು. ಅತ್ತೆ ಗೆರೆಯ ಒಳಗೆ ಬಂದ ಮೊದಲ ಫೋಟೋ ಅದು. ಬಾಯಿ ತುಂಬಾ ನಗು, ಕಣ್ಣಲ್ಲಿ ನೀರು, ಕೈಯಲ್ಲಿ ನನ್ನ ಮಗಳು, ಮಗಳ ಮುಷ್ಟಿಯಲ್ಲಿ ಹಗ್ಗ. ಒತ್ತುವಾಗ ಮಾವನ ಎರಡೂ ಕೈ ಗಡಗಡ ನಡುಗುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ಫೋಟೋ ಒಂದಿಷ್ಟೂ ಮಸುಕಾಗಿಲ್ಲ. ಹೊಸ ಕ್ಯಾಮೆರಾದಿಂದ ಅದೊಂದು ಲಾಭವಾಯಿತು.